ಕೈತಪ್ಪಿದ ಜಾವಾ, ತಪ್ಪಿದ ಲೆಕ್ಕ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮ ಚಿಕ್ಕಜಾಜೂರಿನ ರೈಲು ನಿಲ್ದಾಣದ ಹೊರಗಿನ ಚಹಾದಂಗಡಿಯಲ್ಲಿ ನಾವು ನಾಲ್ಕಾರು ಮಂದಿ ನಿವೃತ್ತರು ಎಂದಿನಂತೆ ಕುಳಿತು ಪತ್ರಿಕೆ ತಿರುವುತ್ತಿದ್ದೆವು. ಕೇಳಿ ಎಷ್ಟೋ ವರ್ಷಗಳಾಗಿದ್ದ ಒಂದು ಸದ್ದು ಹೊಳಲ್ಕೆರೆಯ ಕಡೆಯಿಂದ ಬಂತು. ಮಾತು ನಿಂತಿತು. ಎಲ್ಲರೂ ಒಟ್ಟಿಗೆ ಕತ್ತು ಹೊರಳಿಸಿದೆವು. ಕೆಂಗಂದು ಬಣ್ಣದ, ಎರಡು ಸೈಲೆನ್ಸರಿನ ಹಳೆಯ ಜಾವಾ ಒಂದು ಅಂಗಡಿಯ ಮುಂದೆ ಬಂದು ನಿಂತಿತು. ಹಿಂದೆ ತೆಳುವಾದ ನೀಲಿ ಹೊಗೆ, ಸುಟ್ಟ ಎಣ್ಣೆಯ ಅದೇ ವಾಸನೆ. ಇಳಿದವನು ಇಪ್ಪತ್ತೈದು ಇಪ್ಪತ್ತಾರರ ಹುಡುಗ.

ನಾವು ಮುದುಕರೆಲ್ಲ ಗಾಡಿಯನ್ನು ಸುತ್ತುವರಿದೆವು. ಒಬ್ಬರು ಟ್ಯಾಂಕನ್ನು ಸವರಿದರು, ಇನ್ನೊಬ್ಬರು ಕಿಕ್ಕರನ್ನು ಮುಟ್ಟಿ ನೋಡಿದರು. ಎಷ್ಟು ಕೊಟ್ಟೆಯಪ್ಪಾ ಎಂಬ ಪ್ರಶ್ನೆ ಬಂದೇ ಬಂತು. ಹುಡುಗ ಹೇಳಿದ: ಹೊಸದುರ್ಗದ ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿಯ ಕೊಟ್ಟಿಗೆಯಲ್ಲಿ ಬಿದ್ದಿತ್ತಂತೆ. ಯಜಮಾನರು ಹೋದ ಮೇಲೆ ಯಾರೂ ಮುಟ್ಟಿರಲಿಲ್ಲ. ಅಜ್ಜಿ ಹತ್ತು ಸಾವಿರ ಕೊಡು ಸಾಕು ಎಂದರಂತೆ. ಈತ ಅರವತ್ತು ಸಾವಿರ ಕೊಟ್ಟು ತಂದನಂತೆ. ಮೇಲೆ ರಿಪೇರಿಗೆ ಇನ್ನೊಂದು ಎಪ್ಪತ್ತು ಸಾವಿರ.

"ಅಲ್ಲಪ್ಪಾ, ಅವರು ಹತ್ತು ಕೇಳಿದ್ರೆ ನೀನು ಯಾಕೆ ಅರವತ್ತು ಕೊಟ್ಟೆ?" ಎಂದು ಎಲ್ಲರೂ ನಕ್ಕರು.

"ಅದರ ಬೆಲೆ ಅಜ್ಜಿಗೆ ಗೊತ್ತಿರಲಿಲ್ಲ ಸಾರ್, ನನಗೆ ಗೊತ್ತಿತ್ತು" ಎಂದು ಹುಡುಗ ಚಹಾ ಕುಡಿದು ಹೊರಟುಹೋದ.

ಆಮೇಲೆ ಮಾತು ನನ್ನ ಕಡೆ ತಿರುಗಿತು. "ಮೇಷ್ಟ್ರೇ, ಆ ಗಾರ್ಡ್ ಸಾಹೇಬ್ರು ನಿಮಗೆ ನಾಲ್ಕೂವರೆ ಸಾವಿರಕ್ಕೆ ಇಂಥದೇ ಗಾಡಿ ಕೊಡ್ತೀನಿ ಅಂದಿದ್ರಲ್ಲ! ಆವತ್ತು ತಗಂಡಿದ್ರೆ ಇವತ್ತು ಲಕ್ಷಾಧೀಶ್ವರ ಆಗಿರ್ತಿದ್ರಿ" ಎಂದರು ಗೆಳೆಯರೊಬ್ಬರು. ಮತ್ತೆ ನಗು. ನಾನೂ ನಕ್ಕೆ. ಆದರೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಗಣಿತ ಕಲಿಸಿದವನು ನಾನು. ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತೆಂದು ಹುಡುಕದೆ ಬಿಡುವುದು ನನ್ನ ಜಾಯಮಾನವಲ್ಲ. ಹುಡುಕಿದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜಾವಾ ಎಂದರೆ ಏನೆಂದು ಇಂದಿನ ಮಕ್ಕಳಿಗೆ ಸ್ವಲ್ಪ ಹೇಳಬೇಕು. ಅದು ಮೂಲತಃ ಝೆಕೊಸ್ಲೊವಾಕಿಯದ ಗಾಡಿ. 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ಆ ಕಂಪನಿಯ ಹೆಸರಿನ ಮೊದಲೆರಡು ಅಕ್ಷರ ಸೇರಿಸಿ ಈ ಹೆಸರಿಟ್ಟ. ಅದು ನಮ್ಮದಾದದ್ದು ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿಯವರಿಂದ. ಅವರು ಪರವಾನಗಿ ಪಡೆದು ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ಗಾಡಿಗಳು ತಯಾರಾಗತೊಡಗಿದವು. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ಟ್ಯಾಂಕಿನ ಮೇಲಿದ್ದ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ಬಂದ ರೋಡ್‌ಕಿಂಗ್ ಅಂದಿನ ಯುವಕರೆಲ್ಲರ ಕನಸಿನ ಗಾಡಿ.

ನಾನು ಬಿ.ಎಡ್. ಓದಿದ್ದು ಮೈಸೂರಿನಲ್ಲಿ, ಎಂಬತ್ತರ ದಶಕದ ಆರಂಭದಲ್ಲಿ. ಸಂಜೆ ಯಾದವಗಿರಿಯ ಕಡೆ ನಡೆದು ಹೋದರೆ ಕೆಲಸ ಬಿಟ್ಟ ಕಾರ್ಮಿಕರು ಗುಂಪುಗುಂಪಾಗಿ ಹೊರಬರುವುದು ಕಾಣುತ್ತಿತ್ತು. ಬಹಳಷ್ಟು ಮಂದಿ ಸೈಕಲ್ಲಿನಲ್ಲಿಯೇ ಮನೆಗೆ ಹೋಗುತ್ತಿದ್ದರು. ಮೋಟಾರ್ ಸೈಕಲ್ ಮಾಡುವವರು ಸೈಕಲ್ಲಿನಲ್ಲಿ ಹೋಗುತ್ತಾರಲ್ಲ ಎಂದು ನನಗೂ ನನ್ನ ಕೋಣೆಯ ಗೆಳೆಯನಿಗೂ ವಿಚಿತ್ರವೆನಿಸುತ್ತಿತ್ತು. ಕೆಲಸ ಸಿಕ್ಕ ಮೇಲೆ ನಾವಿಬ್ಬರೂ ಒಂದೊಂದು ಕೊಳ್ಳಬೇಕೆಂದು ಅಲ್ಲಿಯೇ ಮಾತಾಡಿಕೊಂಡಿದ್ದೆವು.

ಆ ಗಾಡಿಯ ಬೆಡಗು ಬೇರೆ. 250 ಸಿಸಿಯ ಒಂದೇ ಸಿಲಿಂಡರು, ಆದರೆ ಸೈಲೆನ್ಸರು ಎರಡು. ಕಿಕ್ಕರೂ ಗೇರೂ ಒಂದೇ ಕೋಲು: ಒದ್ದು ಚಾಲೂ ಮಾಡಿದ ಮೇಲೆ ಅದನ್ನೇ ಮುಂದಕ್ಕೆ ಮಡಚಿದರೆ ಗೇರು. ಇಂಥ ಉಪಾಯ ನಮ್ಮ ರಸ್ತೆಯ ಬೇರೆ ಗಾಡಿಗಳಲ್ಲಿ ಇರಲಿಲ್ಲ. ಗೇರು ಒತ್ತಿದರೆ ಕ್ಲಚ್ಚು ತಾನಾಗಿ ಬಿಡುತ್ತಿತ್ತು. ಹಳೆಯ ಜಾವಾದ ಕೀಲಿ ಹೆಡ್‌ಲೈಟಿನ ಮೇಲೆ ಚುಚ್ಚುವ ಒಂದು ಮೊಳೆಯಂಥದ್ದು. ಕಳೆದುಹೋದರೆ ನಿಜವಾದ ಮೊಳೆಯನ್ನೇ ಸಿಕ್ಕಿಸಿ ಓಡಿಸಿದವರುಂಟು. ಪೆಟ್ರೋಲಿನ ಜೊತೆ ಆಯಿಲನ್ನು ಅಳೆದು ಬೆರೆಸಬೇಕಿತ್ತು. ಅಳತೆ ತಪ್ಪಿದರೆ ಹೊಗೆಯೋ ಇಲ್ಲವೇ ಪಿಸ್ಟನ್ ಹಿಡಿಯುವುದೋ ಖಂಡಿತ. ರೋಡ್‌ಕಿಂಗಿನದು 16 ಅಶ್ವಶಕ್ತಿ. ಇಂದಿಗೆ ಅದು ದೊಡ್ಡದಲ್ಲ. ಆದರೆ ಮೂರು ಮಂದಿ ಕೂತು, ಮುಂದೆ ಒಂದು ಮೂಟೆ ಇಟ್ಟುಕೊಂಡು ಬಿ.ದುರ್ಗದ ಕಡೆಯ ಮಣ್ಣಿನ ರಸ್ತೆಯಲ್ಲಿ ಹೊರಟರೂ ಅದು ಗೊಣಗುತ್ತಿರಲಿಲ್ಲ.

ಇನ್ನು ನನ್ನ ಕೈತಪ್ಪಿದ ಮೂರು ಗಾಡಿಗಳ ವಿಚಾರ.

ಮೊದಲನೆಯದು 1986ರದು. ಚಿಕ್ಕಜಾಜೂರು ಜಂಕ್ಷನ್ ಆದದ್ದರಿಂದ ಇಲ್ಲಿ ರೈಲ್ವೆ ನೌಕರರು ಬರುತ್ತಿದ್ದರು, ವರ್ಗವಾಗಿ ಹೋಗುತ್ತಿದ್ದರು. ಹೋಗುವಾಗ ಮಂಚ, ಬೀರು, ಹಸು, ಗಾಡಿ ಎಲ್ಲವನ್ನೂ ಬಂದ ಬೆಲೆಗೆ ಮಾರುತ್ತಿದ್ದರು. ಹಾಗೆ ವರ್ಗವಾದ ಗಾರ್ಡ್ ಒಬ್ಬರು ತಮ್ಮ 1972ರ ಜಾವಾವನ್ನು ನಾಲ್ಕೂವರೆ ಸಾವಿರಕ್ಕೆ ಕೊಡುತ್ತೇನೆಂದರು. ಮೇಷ್ಟ್ರು ಜೋಪಾನ ಮಾಡುತ್ತಾರೆಂಬ ನಂಬಿಕೆ ಅವರದು. ನಾನು ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಕೈಗೆ ಬರುತ್ತಿದ್ದುದು ಸಾವಿರದ ಚಿಲ್ಲರೆ ರೂಪಾಯಿ. ತಂಗಿಯ ಮದುವೆ ಗೊತ್ತಾಗಿತ್ತು. ಕೂಡಿಟ್ಟಿದ್ದ ಹಣವೆಲ್ಲ ಅವಳ ಸರಕ್ಕೆ ಹೋಯಿತು. ಗಾಡಿ ಬೇರೆ ಯಾರಿಗೋ ಹೋಯಿತು.

ಎರಡನೆಯದು 1997ರಲ್ಲಿ. ಪಕ್ಕದ ಹಳ್ಳಿಯ ಅಡಕೆ ತೋಟದ ಯಜಮಾನರೊಬ್ಬರು ತಮ್ಮ ರೋಡ್‌ಕಿಂಗನ್ನು ಐದು ಸಾವಿರಕ್ಕೆ ತೆಗೆದುಕೊಳ್ಳಿ ಎಂದರು. ಹಿಂದಿನ ವರ್ಷವಷ್ಟೇ, 1996ರಲ್ಲಿ, ಮೈಸೂರಿನ ಕಾರ್ಖಾನೆ ಮುಚ್ಚಿತ್ತು. ಇನ್ನು ಮೇಲೆ ಬಿಡಿಭಾಗ ಸಿಗುವುದಿಲ್ಲ ಎಂದು ದಾವಣಗೆರೆಯ ಮೆಕ್ಯಾನಿಕ್ಕುಗಳು ಹೇಳುತ್ತಿದ್ದರು. ಪೆಟ್ರೋಲು ಬೇರೆ ಕುಡಿಯುತ್ತದೆ. ಭವಿಷ್ಯನಿಧಿಯಿಂದ ಸಾಲ ತೆಗೆದು ನಾನು ಹೊಸ 100 ಸಿಸಿ ಗಾಡಿಯನ್ನು ಕೊಂಡೆ. ಅದು ಹದಿನೈದು ವರ್ಷ ಒಂದು ದಿನವೂ ಕೈಕೊಡದೆ ನನ್ನನ್ನು ಶಾಲೆಗೆ ಒಯ್ದಿತು. ಅದನ್ನು ಹಳಿದರೆ ಕೃತಘ್ನತೆಯಾದೀತು.

ಮೂರನೆಯದನ್ನು ಆಮೇಲೆ ಹೇಳುತ್ತೇನೆ. ಮೊದಲೆರಡರ ಲೆಕ್ಕವನ್ನು ಮುಗಿಸೋಣ.

"ಆಗ ನಾಲ್ಕೂವರೆ ಸಾವಿರ, ಈಗ ಲಕ್ಷ" ಎಂದು ಹಲುಬುವವರು ಎರಡು ಸಂಖ್ಯೆಗಳನ್ನು ಮಾತ್ರ ನೋಡುತ್ತಾರೆ, ನಡುವಿನ ವರ್ಷಗಳನ್ನು ನೋಡುವುದಿಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಹೇಳಿಕೊಡುವ ಚಕ್ರಬಡ್ಡಿಯ ಲೆಕ್ಕವೇ ಸಾಕು. ವರ್ಷಕ್ಕೆ ನೂರಕ್ಕೆ ಎಂಟರಂತೆ ಬಡ್ಡಿ ಬಂದರೆ ಹಣ ಸುಮಾರು ಒಂಬತ್ತು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. 1986ರಿಂದ 2025ಕ್ಕೆ 39 ವರ್ಷ. 4,500 ರೂಪಾಯಿ ಅಷ್ಟು ಕಾಲದಲ್ಲಿ ಸುಮಾರು ಇಪ್ಪತ್ತು ಪಟ್ಟು ಬೆಳೆದು ತೊಂಬತ್ತು ಸಾವಿರವಾಗುತ್ತದೆ. ಆಗಿನ ಕಾಲದಲ್ಲಿ ಅಂಚೆ ಕಚೇರಿಯ ಬಡ್ಡಿ ಎಂಟಕ್ಕಿಂತ ಹೆಚ್ಚೇ ಇತ್ತು. 1988ರಲ್ಲಿ ಬಂದ ಕಿಸಾನ್ ವಿಕಾಸ ಪತ್ರ ಐದೂವರೆ ವರ್ಷಕ್ಕೇ ಹಣವನ್ನು ಇಮ್ಮಡಿ ಮಾಡಿಕೊಡುತ್ತಿತ್ತು. ಇನ್ನು ತಂಗಿಯ ಸರಕ್ಕೆ ಕೊಂಡ ಚಿನ್ನ? 1986ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಎರಡು ಸಾವಿರದ ಆಸುಪಾಸಿನಲ್ಲಿತ್ತು. 2025ರಲ್ಲಿ ಅದು ಒಂದು ಲಕ್ಷವನ್ನು ದಾಟಿತು. ಅಂದರೆ ಆ ಸರದ ಬೆಲೆ ಇಂದು ಆ ಹುಡುಗನ ಗಾಡಿಗಿಂತ ಹೆಚ್ಚು. ಸಾಲದ್ದಕ್ಕೆ, 39 ವರ್ಷ ಗಾಡಿಯನ್ನು ಇಟ್ಟುಕೊಳ್ಳಲು ಟೈರು, ಚೈನು, ವಿಮೆ, ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ, ಮಳೆಗೆ ನೆನೆಯದಂತೆ ಒಂದು ಸೂರು ಎಲ್ಲವೂ ಬೇಕು. ಕೂಡಿಸಿ ಕಳೆದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಲಕ್ಷಾಧೀಶ್ವರನಾಗುವ ಅವಕಾಶವನ್ನು ನಾನು ಕಳೆದುಕೊಂಡಿರಲೇ ಇಲ್ಲ. ಸತ್ತ ಎಮ್ಮೆಗೆ ಆರು ಸೇರು ಹಾಲು ಎನ್ನುವಂತೆ, ಕೈತಪ್ಪಿದ್ದಕ್ಕೆಲ್ಲ ನಾವು ಇಲ್ಲದ ಬೆಲೆಯನ್ನು ಕಟ್ಟುತ್ತೇವೆ.

ಇನ್ನೊಂದು ಪ್ರಶ್ನೆ ಇದೆ. ಆ ಗಾಡಿ ಅಂದು ಅಷ್ಟು ಅಗ್ಗವಾಗಿದ್ದುದೇಕೆ? ಯಾರಿಗೂ ಬೇಡವಾಗಿತ್ತು, ಅದಕ್ಕೆ. 1984ರಿಂದ ಒಂದೆರಡು ವರ್ಷಗಳೊಳಗೆ ಜಪಾನಿನ ಸಹಯೋಗದ 100 ಸಿಸಿ ಗಾಡಿಗಳು ಒಂದರ ಹಿಂದೆ ಒಂದು ಬಂದವು. ಹೀರೋ ಹೋಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100 ಬಂದದ್ದು 1985ರಲ್ಲಿ. ಹೀರೋ ಹೋಂಡಾದ್ದು ನಾಲ್ಕು ಸ್ಟ್ರೋಕಿನ ಎಂಜಿನ್. ಆಯಿಲ್ ಬೆರೆಸುವ ಗೋಜಿಲ್ಲ, ಲೀಟರಿಗೆ ಜಾವಾ ಓಡುವುದರ ಇಮ್ಮಡಿ ಓಡುತ್ತಿತ್ತು. ತೊಂಬತ್ತರ ದಶಕದಲ್ಲಿ ಹೊಗೆಯ ನಿಯಮಗಳೂ ಬಿಗಿಯಾದವು. ಸಂಬಳದ ಮೇಲೆ ಬದುಕುವವರು ಜಾವಾವನ್ನು ಬಿಟ್ಟದ್ದು ದಡ್ಡತನದಿಂದಲ್ಲ. ಹೀಗೆ ಲಕ್ಷಾಂತರ ಮಂದಿ ಬಿಟ್ಟರು, ಎಷ್ಟೋ ಗಾಡಿಗಳು ಗುಜರಿಗೆ ಹೋದವು. ಹೋದದ್ದರಿಂದಲೇ ಉಳಿದವು ದುಬಾರಿಯಾದವು. ಎಲ್ಲರೂ ಜೋಪಾನ ಮಾಡಿದ್ದರೆ ಇಂದು ಹಾದಿಗೊಂದು ಬೀದಿಗೊಂದು ಜಾವಾ ಇರುತ್ತಿತ್ತು, ಬೆಲೆಯೂ ಹತ್ತು ಸಾವಿರವೇ ಇರುತ್ತಿತ್ತು. ಆರ್‌ಎಕ್ಸ್ 100 ಕೂಡ ಇದೇ ದಾರಿಯಲ್ಲಿದೆ. ಅದರ ತಯಾರಿಕೆ 1996ರಲ್ಲಿ ನಿಂತಿತು, ಈಗ ಚೆನ್ನಾಗಿರುವುದೊಂದು ಸಿಕ್ಕರೆ ಹೊಸ ಗಾಡಿಯ ಬೆಲೆಯನ್ನೇ ಕೇಳುತ್ತಾರೆ.

ಇದು ನಮ್ಮ ನಾಡಿನ ಕಥೆ ಮಾತ್ರವಲ್ಲ. ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ಮಾತಾಡುವಾಗ ಅಲ್ಲಿನ ಮಸಲ್ ಕಾರುಗಳ ವಿಷಯ ಹೇಳಿದ. ದೊಡ್ಡ ಎಂಜಿನ್ನಿನ, ಅಬ್ಬರದ ಕಾರುಗಳು ಅವು; 1964ರ ಪಾಂಟಿಯಾಕ್ ಜಿಟಿಒ ಎಂಬ ಕಾರಿನಿಂದ ಆ ಯುಗ ಆರಂಭವಾಯಿತೆನ್ನುತ್ತಾರೆ. ಹೊಗೆಯ ನಿಯಮಗಳು, ಏರಿದ ವಿಮೆ, ಕೊನೆಗೆ 1973ರ ತೈಲ ಬಿಕ್ಕಟ್ಟು ಸೇರಿ ಅವನ್ನು ಮುಗಿಸಿದವು. ಪೆಟ್ರೋಲಿಗೆ ಸಾಲು ನಿಂತಿದ್ದ ಜನ ಅವನ್ನು ಸಿಕ್ಕ ಬೆಲೆಗೆ ಮಾರಿದರು. ಅಂಥದ್ದೇ ಒಂದು ಕಾರು, 1971ರ ಪ್ಲಿಮತ್ ಹೆಮಿ ಕೂಡಾ ಕನ್ವರ್ಟಿಬಲ್, 2014ರ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಅಲ್ಲಿಯ ಮುದುಕರೂ ನಮ್ಮ ಚಹಾದಂಗಡಿಯವರಂತೆಯೇ ಹಲುಬುತ್ತಾರಂತೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರು ಚಿತ್ರದುರ್ಗದಲ್ಲಿಯೇ ಇರಬೇಕೆಂದೇನೂ ಇಲ್ಲ.

ಹಾಗಾದರೆ ಪಶ್ಚಾತ್ತಾಪಕ್ಕೆ ಕಾರಣವೇ ಇಲ್ಲವೇ? ಇದೆ. ಅದಕ್ಕಾಗಿಯೇ ಮೂರನೆಯ ಗಾಡಿಯ ವಿಷಯವನ್ನು ಕೊನೆಗೆ ಉಳಿಸಿಕೊಂಡೆ.

ನಮ್ಮ ಶಾಲೆಯಲ್ಲಿ ಹಿಂದಿ ಪಂಡಿತರೊಬ್ಬರಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯರು. ಅವರದೊಂದು ಯೆಜ್ಡಿ ಇತ್ತು, 1976ರದು. ಅದು ಅವರ ಗಾಡಿಯೆನ್ನುವುದಕ್ಕಿಂತ ಊರಿನ ಗಾಡಿ ಎನ್ನಬೇಕು. 1990ರ ಮಳೆಗಾಲದಲ್ಲಿ ಒಂದು ರಾತ್ರಿ ಮೂರು ವರ್ಷದ ನನ್ನ ಮಗಳಿಗೆ ಜ್ವರ ಏರಿ ಕೈಕಾಲು ಸೆಟೆದುಕೊಂಡಿತು. ಬಸ್ಸಿಲ್ಲ, ಆ ಹೊತ್ತಿಗೆ ರೈಲೂ ಇಲ್ಲ. ಪಂಡಿತರ ಬಾಗಿಲು ತಟ್ಟಿದೆ. ಅವರು ಪಂಚೆ ಎತ್ತಿ ಕಟ್ಟಿ, ತಲೆಗೊಂದು ಟವೆಲು ಸುತ್ತಿ ಗಾಡಿ ತೆಗೆದರು. ಹಿಂದೆ ನಾನು, ನಮ್ಮಿಬ್ಬರ ನಡುವೆ ಮಗು. ಸುರಿಯುವ ಮಳೆಯಲ್ಲಿ ಹೊಳಲ್ಕೆರೆಗೆ ಹೋದೆವು. ಮಗು ಉಳಿಯಿತು. ಇಂದು ಅವಳಿಗೇ ಇಬ್ಬರು ಮಕ್ಕಳು.

2006ರಲ್ಲಿ, ಪಂಡಿತರು ನಿವೃತ್ತರಾಗಿದ್ದಾಗ, ಅವರ ಮನೆಯವರಿಗೆ ಕಾಯಿಲೆ ಬಂತು. ಹಣದ ಅಡಚಣೆ ಇತ್ತೆಂದು ಊರಿಗೆಲ್ಲ ಗೊತ್ತಿತ್ತು. ಒಂದು ಸಂಜೆ ನನ್ನನ್ನು ಕರೆಸಿ, "ಮೇಷ್ಟ್ರೇ, ನಿಮಗೆ ಈ ಗಾಡಿ ಮೇಲೆ ಮೊದಲಿಂದ ಆಸೆ ಇತ್ತಲ್ಲ, ಆರು ಸಾವಿರಕ್ಕೆ ತಗಳ್ರಿ" ಎಂದರು. ನಾನೇನು ಮಾಡಿದೆ? ಗಾಡಿಯ ಸುತ್ತ ಒಂದು ಸುತ್ತು ಬಂದೆ. ಮಡ್‌ಗಾರ್ಡು ತುಕ್ಕು ಹಿಡಿದಿದೆ ಎಂದೆ. ಆರ್‌ಸಿ ನವೀಕರಿಸಿಲ್ಲ ಎಂದೆ. ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದೆ. ಮೂರೂವರೆಗೆ ಆದರೆ ನೋಡೋಣ, ವಿಚಾರ ಮಾಡಿ ಹೇಳಿ ಎಂದೆ. ಅವರು ಏನೂ ಹೇಳಲಿಲ್ಲ. ಒಳಗೆ ಹೋಗಿ ತಾವೇ ಕಾಫಿ ಮಾಡಿ ತಂದರು, ಮಾಡಿಕೊಡುವವರು ಮಲಗಿದ್ದರಲ್ಲ. ನಾನು ಕಾಫಿ ಕುಡಿದು ಬಂದೆ. ಹಣದ ಅಗತ್ಯವಿರುವವರು, ತಾವೇ ಇಳಿಯುತ್ತಾರೆ ಎಂದು ನನ್ನ ಎಣಿಕೆ.

ಐದನೆಯ ದಿನ ಜೇಬಿನಲ್ಲಿ ನಾಲ್ಕು ಸಾವಿರ ಇಟ್ಟುಕೊಂಡು ಹೋದೆ. ಐನೂರು ಹೆಚ್ಚು ಕೊಡುತ್ತಿದ್ದೇನೆಂಬ ಉದಾರತೆಯ ಭಾವ ಬೇರೆ! ಜಗಲಿಯ ಪಕ್ಕದ ಸೂರಿನಡಿ ಗಾಡಿ ಇರಲಿಲ್ಲ. ನೆಲದ ಮೇಲೆ ಎಣ್ಣೆಯ ಕಲೆಯೊಂದಿತ್ತು. ಹಿಂದಿನ ದಿನ ಗುಜರಿಯವನು ನಾಲ್ಕು ಸಾವಿರ ಕೈಯಲ್ಲಿ ಹಿಡಿದು ಬಂದಿದ್ದನಂತೆ. ಆ ದಿನವೇ ದಾವಣಗೆರೆಯ ಆಸ್ಪತ್ರೆಗೆ ಹೋಗಬೇಕಾಗಿತ್ತಂತೆ. ಪಂಡಿತರು ನನ್ನ ಮೇಲೆ ಸಿಟ್ಟಾಗಲಿಲ್ಲ. "ಅವನು ಮುಂಚೆನೂ ಬಂದಿದ್ದ ಮೇಷ್ಟ್ರೇ. ನೀವಾದ್ರೆ ಓಡಿಸ್ತೀರಿ ಅಂತ ನಿಮ್ಮನ್ನ ಕೇಳಿದ್ದೆ" ಎಂದರು ಅಷ್ಟೆ. ಗುಜರಿಯವನು ಅಲ್ಯೂಮಿನಿಯಮ್ಮಿಗಾಗಿ ಎಂಜಿನ್ನನ್ನು ಸುತ್ತಿಗೆಯಿಂದ ಒಡೆದನೆಂದು ಆಮೇಲೆ ತಿಳಿಯಿತು.

ನಾನು ಚೌಕಾಸಿ ಮಾಡಿದ್ದು ಎರಡೂವರೆ ಸಾವಿರಕ್ಕೆ. ಅಂದಿನ ನನ್ನ ಐದಾರು ದಿನಗಳ ಸಂಬಳ. 1986ರಲ್ಲಿ ಕೊಳ್ಳದಿದ್ದುದಕ್ಕೆ ಬಡತನದ ಕಾರಣವಿತ್ತು. 1997ರಲ್ಲಿ ವಿವೇಕದ ಕಾರಣವಿತ್ತು. 2006ರಲ್ಲಿ ಯಾವ ಕಾರಣವೂ ಇರಲಿಲ್ಲ. ಒಬ್ಬರು ಕಷ್ಟದಲ್ಲಿದ್ದಾರೆ, ಅಗ್ಗಕ್ಕೆ ಸಿಕ್ಕೀತು ಎಂಬ ಆಸೆಯೊಂದೇ. ನನ್ನ ಮಗಳನ್ನು ಮಳೆಯಲ್ಲಿ ಹೊತ್ತ ಗಾಡಿ ಅದು ಎಂಬುದು ಆ ಸಂಜೆ ನನಗೆ ನೆನಪೇ ಆಗಲಿಲ್ಲ. ನೆನಪಾಗಿದ್ದರೂ ತುಕ್ಕನ್ನೇ ತೋರಿಸುತ್ತಿದ್ದೆನೋ ಏನೋ. ಪಂಡಿತರು ಕೆಲವು ವರ್ಷಗಳ ನಂತರ ತೀರಿಕೊಂಡರು. ತಪ್ಪಾಯಿತು ಎಂದು ಅವರಿಗೆ ನಾನು ಹೇಳಲೇ ಇಲ್ಲ. ದಿನವೂ ಎದುರಿಗೆ ಸಿಗುತ್ತಿದ್ದರು, ನಮಸ್ಕಾರ ಎನ್ನುತ್ತಿದ್ದೆ, ಅಷ್ಟೇ.

ಆದ್ದರಿಂದ ಚಹಾದಂಗಡಿಯಲ್ಲಿ ಆ ಹುಡುಗನನ್ನು ಕಂಡು ಎಲ್ಲರೂ ನಕ್ಕಾಗ ನನ್ನ ನಗು ಅರ್ಧಕ್ಕೇ ನಿಂತಿತ್ತು. ಅಜ್ಜಿಗೆ ಬೆಲೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು ಎಂದನಲ್ಲ, ಆ ಮಾತನ್ನು ನಾನು ಮೂವತ್ತೈದು ವರ್ಷದಲ್ಲಿ ಒಮ್ಮೆಯೂ ತರಗತಿಯಲ್ಲಿ ಹೇಳಿರಲಿಲ್ಲ. ಕೊಂಡ ಬೆಲೆ, ಮಾರಿದ ಬೆಲೆ, ಲಾಭ ಶೇಕಡಾ ಎಷ್ಟು ಎಂದು ಸಾವಿರಾರು ಮಕ್ಕಳಿಗೆ ಲೆಕ್ಕ ಬಿಡಿಸಲು ಕೊಟ್ಟೆ. ಅಗ್ಗವಾಗಿ ಕೊಂಡವನು ಆ ಲೆಕ್ಕಗಳಲ್ಲಿ ಯಾವಾಗಲೂ ಜಾಣ. ಅಗ್ಗವಾಗಿ ಮಾರಿದವನು ಯಾರು, ಏಕೆ ಮಾರಿದ ಎಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ನಮ್ಮ ತಾಲ್ಲೂಕಿನ ಕೊಟ್ಟಿಗೆಗಳಲ್ಲಿ, ತೋಟದ ಮನೆಗಳಲ್ಲಿ ಇನ್ನೂ ಕೆಲವು ಜಾವಾ, ಯೆಜ್ಡಿಗಳು ಗೋಣಿಚೀಲ ಹೊದ್ದು ಬಿದ್ದಿವೆ. ಅವುಗಳ ಯಜಮಾನರಿಗೂ ಕೊಳ್ಳಲು ಬರುವವರಿಗೂ ಒಂದೆರಡು ಮಾತು ಹೇಳಬೇಕೆನಿಸಿದೆ.

ಮನೆಯಲ್ಲಿ ಹಳೆಯ ಗಾಡಿ ಇರುವವರು ತೂಕಕ್ಕೆ ಮಾರಬೇಡಿ. ಟ್ರಂಕಿನಲ್ಲಿ ಹುಡುಕಿ ಆರ್‌ಸಿ ಪುಸ್ತಕವನ್ನು ತೆಗೆದಿಡಿ. ಕಾಗದವಿದ್ದ ಗಾಡಿಗೂ ಇಲ್ಲದ್ದಕ್ಕೂ ಬೆಲೆಯಲ್ಲಿ ಬಹಳ ಅಂತರ. ಯಜಮಾನರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ, ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ಸ್ವಂತ ಬಳಕೆಯ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಆದರೆ ಹಾಗೆ ನೋಂದಾಯಿಸಿದ್ದನ್ನು ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ ಮೆರವಣಿಗೆಗಳಿಗೆ ಮಾತ್ರ. ಜಾವಾ ಎಂಬ ಹೆಸರಿನ ಹಳೆಯ ಗಾಡಿಗಳು ಈಗ ಬಹುಪಾಲು ಈ ವಯಸ್ಸಿನವೇ. ದಿನವೂ ಓಡಿಸುವ ಆಸೆಯಿದ್ದವರು ಸಾಮಾನ್ಯ ನವೀಕರಣವನ್ನೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಕೊಳ್ಳುವವರಿಗೆ ಒಂದೇ ಮಾತು. ನಿಮಗೆ ಬೆಲೆ ಗೊತ್ತಿದ್ದರೆ ಮಾರುವವರಿಗೂ ಹೇಳಿ. ಆಮೇಲೆ ಚೌಕಾಸಿ ಮಾಡಿ. ಮತ್ತು ಓಡಿಸುವ ಮನಸ್ಸಿದ್ದರೆ ಮಾತ್ರ ಕೊಳ್ಳಿ. ಬಟ್ಟೆ ಮುಚ್ಚಿ ನಿಲ್ಲಿಸಿ ಬೆಲೆ ಏರುವುದನ್ನು ಕಾಯುವುದಾದರೆ ಅಂಚೆ ಕಚೇರಿಯೇ ಸಾಕು, ಅಲ್ಲಿ ತುಕ್ಕಿನ ಭಯವೂ ಇಲ್ಲ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಬೆಂಗಳೂರಿನಲ್ಲಿ ಅಭಿಮಾನಿಗಳು ತಮ್ಮ ಗಾಡಿಗಳೊಡನೆ ಸೇರುತ್ತಾರೆ. ಅವರಿಂದಾಗಿಯೇ ಬಿಡಿಭಾಗಗಳೂ ಅವನ್ನು ಬಲ್ಲ ಮೆಕ್ಯಾನಿಕ್ಕುಗಳ ಕೈಚಳಕವೂ ಇನ್ನೂ ಉಳಿದಿವೆ. 2018ರ ನವೆಂಬರಿನಲ್ಲಿ ಜಾವಾ ಹೆಸರು, 2022ರ ಜನವರಿಯಲ್ಲಿ ಯೆಜ್ಡಿ ಹೆಸರು ಹೊಸ ಕಂಪನಿಯ ಮೂಲಕ ಮಾರುಕಟ್ಟೆಗೆ ಮರಳಿದವು. ಒಳ್ಳೆಯ ಗಾಡಿಗಳೇ ಇರಬಹುದು. ಆದರೆ ಅವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ಮರಳಿತು, ಯಾದವಗಿರಿಯ ಕಾರ್ಖಾನೆ ಮರಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ನಾವು ನಡೆದುಕೊಂಡ ರೀತಿಯೂ ಅದಕ್ಕೆ ಸ್ವಲ್ಪ ಕಾರಣ.

ಕೈತಪ್ಪಿದ ವಸ್ತುಗಳ ಪಟ್ಟಿ ಎಲ್ಲರ ಬಳಿಯೂ ಇದೆ. ಬೆಂಗಳೂರಿನಲ್ಲಿ ಕೊಳ್ಳದೆ ಬಿಟ್ಟ ನಿವೇಶನ, ದಾವಣಗೆರೆಯಲ್ಲಿ ಬಿಟ್ಟ ಮಳಿಗೆ, ಬೇಡವೆಂದ ತೋಟ. ಆ ಪಟ್ಟಿಯನ್ನು ಓದಿಕೊಂಡು ಕೊರಗುವವರಿಗೆ ನನ್ನ ಸಲಹೆ ಇಷ್ಟೆ: ಪ್ರತಿಯೊಂದರ ಮುಂದೆಯೂ ಅಂದಿನ ನಿಮ್ಮ ಸಂಬಳವನ್ನು ಬರೆಯಿರಿ, ಆ ಹಣ ಯಾವುದಕ್ಕೆ ಹೋಯಿತೆಂದು ಬರೆಯಿರಿ. ಮುಕ್ಕಾಲು ಪಾಲು ಕೊರಗು ಅಲ್ಲಿಯೇ ಕರಗುತ್ತದೆ. ಆಮೇಲೆ ಮಾರಲು ಬಂದವರ ಹೆಸರನ್ನೂ ಬರೆಯಿರಿ. ಅಲ್ಲಿ ಯಾವುದಾದರೂ ಹೆಸರಿನ ಮುಂದೆ ಪೆನ್ನು ನಿಂತರೆ, ಮತ್ತು ಆ ಮನುಷ್ಯ ಇನ್ನೂ ಬದುಕಿದ್ದರೆ, ಇವತ್ತೇ ಹೋಗಿ ಮಾತಾಡಿಸಿ ಬನ್ನಿ.

ಪಂಡಿತರ ಮಗ ಶಿವಮೊಗ್ಗದಲ್ಲಿದ್ದಾನೆ, ನನ್ನ ಶಿಷ್ಯನೇ. ಮೊನ್ನೆ ಅವನಿಗೆ ಫೋನು ಮಾಡಿದೆ. ಇಷ್ಟು ವರ್ಷದ ಮೇಲೆ ಮೇಷ್ಟ್ರು ಏಕೆ ಫೋನು ಮಾಡಿದರೆಂದು ಗಾಬರಿಯಾದ. ಗಾಡಿಯ ವಿಷಯ ಹೇಳಿದೆ, ಅಂದು ನಾನು ನಡೆದುಕೊಂಡದ್ದನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಡಿ ಸಾರ್. ಅಪ್ಪ ಆ ಗಾಡಿ ನೆನಪು ಮಾಡಿಕೊಂಡಾಗೆಲ್ಲ ನಿಮ್ಮ ಮಗಳನ್ನ ಕರಕೊಂಡು ಹೋದ ರಾತ್ರಿ ವಿಷಯಾನೇ ಹೇಳ್ತಿದ್ರು" ಎಂದ.

ಅದನ್ನು ಕೇಳಿ ಮನಸ್ಸು ಹಗುರಾಯಿತೆಂದು ಬರೆದರೆ ಸುಳ್ಳಾಗುತ್ತದೆ.